ಎಲ್ಲಿಗೂ ಹೋಗದ ರಸ್ತೆಗಳು

ಶಿವಮೊಗ್ಗದಿಂದ ಭದ್ರಾವತಿಗೆ ಹೆದ್ದಾರಿಯಲ್ಲಿ ಹೋದರೆ ಇಪ್ಪತ್ತು ಕಿಲೋಮೀಟರಿಗಿಂತ ಕೊಂಚ ಕಡಿಮೆ. ಹೈಸ್ಕೂಲು ಓದುವ ಹುಡುಗನೋ ಹುಡುಗಿಯೋ ಸೈಕಲ್ ಮೇಲೆ ಒಂದೂವರೆ ಗಂಟೆಯೊಳಗೆ ಆರಾಮವಾಗಿ ಕ್ರಮಿಸಬಹುದಾದ ದೂರ. ಆದರೆ ಶನಿವಾರ ರಾತ್ರಿ ಊಟದ ಹೊತ್ತಿನಲ್ಲಿ ಮಗಳು, "ಅಪ್ಪಾ, ನಾಳೆ ಸೈಕಲ್ಲಿನಲ್ಲಿ ಭದ್ರಾವತಿಗೆ ಹೋಗಿ ಬರ್ತೀನಿ" ಎಂದರೆ ಹೂಂ ಎನ್ನುವ ತಂದೆ ಎಷ್ಟು ಮಂದಿ? ನಾನಂತೂ ಹೂಂ ಎನ್ನಲಾರೆ. ಹರಿಗೆ, ಮಲವಗೊಪ್ಪ, ನಿದಿಗೆ, ಮಾಚೇನಹಳ್ಳಿ ಎಂದು ಊರುಗಳು ಒಂದರ ಬಾಲ ಒಂದು ಹಿಡಿದು ಸಾಗುವ ಆ ದಾರಿಯಲ್ಲಿ ಬಸ್ಸುಗಳ ಪೈಪೋಟಿ, ಹೊನ್ನಾವರದ ಕಡೆಯಿಂದ ಇಳಿದು ಬರುವ ಲಾರಿಗಳು, ಕೈಗಾರಿಕಾ ಪ್ರದೇಶದ ಟ್ಯಾಂಕರುಗಳು. ರಸ್ತೆ ಅಗಲವಾದಷ್ಟೂ ವೇಗ ಹೆಚ್ಚಿತೇ ಹೊರತು ಸೈಕಲ್ ಸವಾರನಿಗೆ ಜಾಗ ಹೆಚ್ಚಲಿಲ್ಲ.

ಹೆದ್ದಾರಿಯ ಮಟ್ಟಿಗೆ ತಂದೆತಾಯಿಯರ ಭಯ ಸರಿಯಾದದ್ದೇ. ತೊಂದರೆ ಏನೆಂದರೆ, ಆ ಒಂದು ರಸ್ತೆಯ ಭಯ ಎಲ್ಲ ರಸ್ತೆಗಳಿಗೂ ಹಬ್ಬಿಬಿಟ್ಟಿದೆ. ಮಕ್ಕಳ ಸೈಕಲ್ ಕಾಂಪೌಂಡಿನ ಒಳಗೆ, ಹೆಚ್ಚೆಂದರೆ ಬೀದಿಯ ತುದಿಯ ಅಂಗಡಿಯವರೆಗೆ ಮಾತ್ರ ಚಲಿಸುವ ಯಂತ್ರವಾಗಿದೆ. ರಾಜ್ಯ ಸರ್ಕಾರ 2006-07ರಲ್ಲಿ ಸರ್ಕಾರಿ ಶಾಲೆಗಳ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಶುರುಮಾಡಿದಾಗ ಶಾಲೆಯ ಅಂಗಳದಲ್ಲಿ ಒಂದೇ ಬಣ್ಣದ ಸೈಕಲ್ಲುಗಳು ಸಾಲಾಗಿ ನಿಲ್ಲುತ್ತಿದ್ದುದನ್ನು ನೋಡುವುದೇ ಒಂದು ಹಬ್ಬವಾಗಿತ್ತು. ಮೂರು ನಾಲ್ಕು ಕಿಲೋಮೀಟರ್ ನಡೆದು ಬರುತ್ತಿದ್ದ ಹೆಣ್ಣುಮಕ್ಕಳು ಬೆವರಿಲ್ಲದೆ ಪ್ರಾರ್ಥನೆಗೆ ನಿಲ್ಲುವಂತಾಯಿತು. ಕೊರೋನಾ ಬಂದ ವರ್ಷ ಆ ವಿತರಣೆ ನಿಂತಿತು. ಪೇಟೆಯ ಮನೆಗಳಲ್ಲಿ ಬೇರೆಯೇ ಕಥೆ. ಸೈಕಲ್ ಅಪಾಯ ಎಂದು ಹೇಳುವ ತಂದೆಯೇ ಹದಿನೈದರ ಮಗನ ಕೈಗೆ ಟ್ಯೂಷನ್ನಿಗೆಂದು ಸ್ಕೂಟರಿನ ಕೀಲಿ ಕೊಡುತ್ತಾರೆ! 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ ಪ್ರಕಾರ ಅಪ್ರಾಪ್ತ ವಯಸ್ಕರು ವಾಹನ ಓಡಿಸಿ ಅಪರಾಧವೆಸಗಿದರೆ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಸೆರೆವಾಸ, ಜೊತೆಗೆ ಹನ್ನೆರಡು ತಿಂಗಳ ಕಾಲ ವಾಹನದ ನೋಂದಣಿ ರದ್ದು. ಇದು ಗೊತ್ತಿಲ್ಲದವರು ಕಡಿಮೆ, ಲೆಕ್ಕಕ್ಕಿಡುವವರು ಇನ್ನೂ ಕಡಿಮೆ.

ಹಾಗಾದರೆ ಮಕ್ಕಳು ಸೈಕಲ್ ತುಳಿಯುವುದು ಎಲ್ಲಿ? ನಮ್ಮ ಸುತ್ತ ಶಾಂತವಾದ ರಸ್ತೆಗಳು ಇವೆಯೇ? ಇವೆ. ಅವುಗಳನ್ನು ಹುಡುಕುವುದಕ್ಕೆ ಒಂದು ಸರಳ ಸೂತ್ರವಿದೆ. ಎರಡು ದೊಡ್ಡ ಊರುಗಳನ್ನು ಜೋಡಿಸುವ ರಸ್ತೆಯಲ್ಲಿ ಆ ಎರಡು ಊರಿನವರಷ್ಟೇ ಅಲ್ಲದೆ ಅವುಗಳ ಆಚೆಯ ನೂರು ಊರುಗಳ ವಾಹನಗಳೂ ಓಡುತ್ತವೆ. ಹೊಳೆಯ ದಂಡೆಗೋ, ನಾಲೆಯ ಏರಿಗೋ, ಕೆರೆಯ ಕೋಡಿಗೋ ಹೋಗಿ ಮುಗಿದುಬಿಡುವ ರಸ್ತೆಯಲ್ಲಿ ಆ ಊರಿನವರು ಮಾತ್ರ ಓಡಾಡುತ್ತಾರೆ. ಅಂದರೆ ಯಾರಿಗೂ ಹತ್ತಿರದ ದಾರಿಯಾಗದ ರಸ್ತೆಯೇ ಸೈಕಲ್ ರಸ್ತೆ. ನಿಮ್ಮ ಫೋನಿನ ನಕ್ಷೆಯನ್ನು ಕೇಳಿದರೆ ಅದು ಬೇಗ ತಲುಪುವ ದಾರಿಯನ್ನೇ ತೋರಿಸುತ್ತದೆ. ಅದು ಬೇಡವೆಂದ ದಾರಿಗಳಲ್ಲೇ ನಮ್ಮ ಕೆಲಸವಿರುವುದು.

ಇದನ್ನು ಬಾಯಿಮಾತಿನಲ್ಲಿ ನಂಬಬೇಕಾಗಿಲ್ಲ, ಎಣಿಸಿ ನೋಡಬಹುದು. ವಿದ್ಯಾರ್ಥಿಗಳಿಗೆ ನಾನು ಹೇಳುವ ಪ್ರಯೋಗ ಇದು. ಒಂದು ನೋಟ್ ಪುಸ್ತಕ, ಒಂದು ಗಡಿಯಾರ ಸಾಕು. ರಸ್ತೆ ಬದಿಯ ಮರದ ನೆರಳಿನಲ್ಲಿ ಹತ್ತು ನಿಮಿಷ ಕುಳಿತುಕೊಳ್ಳಿ. ಪುಟದಲ್ಲಿ ಮೂರು ಕಲಂ ಎಳೆಯಿರಿ. ಲಾರಿ, ಬಸ್ಸು, ಟ್ರ್ಯಾಕ್ಟರ್ ಮೊದಲನೆಯದರಲ್ಲಿ. ಕಾರು, ಆಟೋ ಎರಡನೆಯದರಲ್ಲಿ. ದ್ವಿಚಕ್ರ ವಾಹನಗಳು ಮೂರನೆಯದರಲ್ಲಿ. ಒಟ್ಟನ್ನು ಆರರಿಂದ ಗುಣಿಸಿದರೆ ಗಂಟೆಯ ಅಂದಾಜು ಸಿಗುತ್ತದೆ. ಬೆಳಿಗ್ಗೆ ಆರೂವರೆಗೆ ಒಮ್ಮೆ, ಹತ್ತು ಗಂಟೆಗೆ ಒಮ್ಮೆ, ಸಂಜೆ ಐದಕ್ಕೆ ಒಮ್ಮೆ ಎಣಿಸಿದರೆ ಒಂದೇ ರಸ್ತೆ ಮೂರು ರಸ್ತೆಗಳಂತೆ ಕಾಣುತ್ತದೆ. ಹತ್ತು ನಿಮಿಷದಲ್ಲಿ ಮೊದಲ ಕಲಂನಲ್ಲಿ ಎರಡಕ್ಕಿಂತ ಹೆಚ್ಚಿಲ್ಲದೆ, ಒಟ್ಟು ಇಪ್ಪತ್ತರೊಳಗಿದ್ದರೆ ಒಂಬತ್ತನೇ ತರಗತಿಯ ಮಕ್ಕಳು ಇಬ್ಬರು ಜೊತೆಯಾಗಿ ಹೋಗಲು ಅದು ತಕ್ಕ ರಸ್ತೆ. ಈ ಮಿತಿ ಯಾವ ಪುಸ್ತಕದಲ್ಲೂ ಇಲ್ಲ, ನನ್ನ ಸ್ವಂತದ್ದು. ನಿಮ್ಮ ಮಗುವಿನ ವಯಸ್ಸು, ಧೈರ್ಯ ನೋಡಿಕೊಂಡು ನೀವು ಬೇರೆ ಮಿತಿ ಹಾಕಿಕೊಳ್ಳಬಹುದು.

ಸಂಖ್ಯೆಯಷ್ಟೇ ಮುಖ್ಯವಾದದ್ದು ವೇಗ. ಎರಡು ವಿದ್ಯುತ್ ಕಂಬಗಳ ನಡುವಿನ ದೂರವನ್ನು ಹೆಜ್ಜೆ ಹಾಕಿ ಅಳೆಯಿರಿ. ಅದು 50 ಮೀಟರ್ ಇದ್ದು, ಒಂದು ಕಾರು ಅದನ್ನು ಮೂರು ಸೆಕೆಂಡಿನಲ್ಲಿ ದಾಟಿದರೆ ಅದರ ವೇಗ ಗಂಟೆಗೆ 60 ಕಿ.ಮೀ.; ನಾಲ್ಕೂವರೆ ಸೆಕೆಂಡಾದರೆ 40. ಚಾಲಕ ಅಪಾಯವನ್ನು ಕಂಡು ಬ್ರೇಕಿನ ಮೇಲೆ ಕಾಲಿಡಲು ಒಂದು ಸೆಕೆಂಡು ಹಿಡಿಯಿತು ಎಂದಿಟ್ಟುಕೊಳ್ಳೋಣ. ಒಣ ಡಾಂಬರು ರಸ್ತೆಯಲ್ಲಿ 40ರ ವೇಗದ ಕಾರು ಪೂರ್ತಿ ನಿಲ್ಲುವಷ್ಟರಲ್ಲಿ ಸುಮಾರು 21 ಮೀಟರ್ ಸಾಗಿರುತ್ತದೆ. 80ರ ವೇಗದ್ದು ಸುಮಾರು 63 ಮೀಟರ್. ವೇಗ ಎರಡು ಪಟ್ಟಾದರೆ ನಿಲ್ಲುವ ದೂರ ಮೂರು ಪಟ್ಟು! ಚಲನಶಕ್ತಿ ವೇಗದ ವರ್ಗಕ್ಕೆ ಅನುಪಾತದಲ್ಲಿರುತ್ತದೆ ಎಂದು ಪರೀಕ್ಷೆಗಾಗಿ ಬಾಯಿಪಾಠ ಮಾಡುತ್ತೀರಲ್ಲ, ಅದರ ಅರ್ಥ ಇದೇ. ಹಳ್ಳಿಯ ಕಿರಿದಾದ, ತಿರುವುಗಳ ರಸ್ತೆ ಸೈಕಲ್ಲಿಗೆ ಸುರಕ್ಷಿತ ಏಕೆಂದರೆ ಅಲ್ಲಿ 80ರಲ್ಲಿ ಓಡಿಸಲು ಯಾರಿಗೂ ಸಾಧ್ಯವಾಗುವುದಿಲ್ಲ.

ಇನ್ನು ಏರು ತಗ್ಗಿನ ಮಾತು. ಸಮತಟ್ಟು ರಸ್ತೆಯಲ್ಲಿ ನಿಧಾನವಾಗಿ ಹೋಗುವಾಗ ಸಾಧಾರಣ ಸೈಕಲ್ಲಿನ ಟೈರಿನ ಘರ್ಷಣೆಯನ್ನು ಮೀರಲು ಎಷ್ಟು ಬಲ ಬೇಕೋ, ನೂರು ಮೀಟರಿಗೆ ಒಂದೇ ಒಂದು ಮೀಟರ್ ಏರುವ ರಸ್ತೆಯಲ್ಲಿ ಹೆಚ್ಚುಕಡಿಮೆ ಅಷ್ಟೇ ಬಲ ಇನ್ನೊಮ್ಮೆ ಬೇಕು. ಕಣ್ಣಿಗೆ ಕಾಣದ ಏರು ಕಾಲಿಗೆ ತಿಳಿಯುತ್ತದೆ. ಮಲೆನಾಡಿನ ಅಂಚಿನ ನಮ್ಮ ಜಿಲ್ಲೆಯಲ್ಲಿ ಚಪ್ಪಟೆ ದಾರಿ ಎಲ್ಲಿದೆ ಎಂದು ಕೇಳಿದರೆ ಉತ್ತರವನ್ನು ಎಂಜಿನಿಯರುಗಳು ಆಗಲೇ ನೆಲದ ಮೇಲೆ ಬರೆದಿಟ್ಟಿದ್ದಾರೆ. ನಾಲೆಯ ದಂಡೆಗಳೇ ಆ ಉತ್ತರ. ನಾಲೆಯ ನೀರು ಪಂಪಿಲ್ಲದೆ ತಾನಾಗಿ ಹರಿಯಬೇಕು, ಆದರೆ ದಂಡೆ ಕೊರೆಯುವಷ್ಟು ರಭಸವಾಗಿಯೂ ಹರಿಯಬಾರದು. ಆದ್ದರಿಂದ ದೊಡ್ಡ ನಾಲೆಗಳ ತಳ ಕಿಲೋಮೀಟರಿಗೆ ಒಂದು ಗೇಣೋ ಎರಡು ಗೇಣೋ ಮಾತ್ರ ಇಳಿಯುತ್ತದೆ. ಗುಡ್ಡ ಎದುರಾದರೆ ನಾಲೆ ಅದನ್ನು ಹತ್ತದೆ ಸುತ್ತು ಬಳಸುತ್ತದೆ. ಭೂಗೋಳದ ಪಾಠದಲ್ಲಿ ಸಮೋನ್ನತ ರೇಖೆ ಅರ್ಥವಾಗದ ಮಕ್ಕಳನ್ನು ನಾಲೆಯ ಏರಿಯ ಮೇಲೆ ಎರಡು ಕಿಲೋಮೀಟರ್ ಕರೆದುಕೊಂಡು ಹೋದರೆ ಸಾಕು, ಹೆಚ್ಚುಕಡಿಮೆ ಆ ರೇಖೆಯ ಮೇಲೆಯೇ ನಡೆದ ಹಾಗೆ.

ರೈಲು ಹಳಿಯ ಗುಣವೂ ಇಂಥದ್ದೇ. ಉಗಿಬಂಡಿಗೆ ಏರು ಹತ್ತುವುದು ಕಷ್ಟ. ಹಾಗಾಗಿ ಹಳಿ ಹಾಕುವವರು ಗುಡ್ಡ ಕಡಿದು, ಹಳ್ಳ ತುಂಬಿ, ಸುರಂಗ ಕೊರೆದು ದಾರಿಯನ್ನು ಆದಷ್ಟು ಮಟ್ಟ ಮಾಡುತ್ತಿದ್ದರು. ಸ್ಪೇನ್ ದೇಶದವರು ಇದನ್ನು ಚೆನ್ನಾಗಿ ಬಳಸಿಕೊಂಡಿದ್ದಾರೆ. ರೈಲು ಓಡುವುದು ನಿಂತುಹೋದ ಹಳೆಯ ಮಾರ್ಗಗಳನ್ನು 1993ರಿಂದ ನಡೆಯುವವರಿಗೂ ಸೈಕಲ್ ಸವಾರರಿಗೂ ಮೀಸಲು ದಾರಿಗಳನ್ನಾಗಿ ಮಾಡುತ್ತಾ ಬಂದರು. 'ವಿಯಾಸ್ ವೆರ್ದೆಸ್' ಎಂದು ಅವುಗಳ ಹೆಸರು, ಹಸಿರು ದಾರಿಗಳು ಎಂದರ್ಥ. ದಕ್ಷಿಣದ ಆಂದಲೂಸಿಯಾ ಪ್ರಾಂತದಲ್ಲಿ ಪ್ಯುಯೆರ್ತೊ ಸೆರ್ರಾನೊ ಎಂಬ ಊರಿನಿಂದ ಓಲ್ವೆರಾದವರೆಗಿನ 36 ಕಿ.ಮೀ. ದಾರಿಯಲ್ಲಿ 30 ಸುರಂಗಗಳು, ನಾಲ್ಕು ಎತ್ತರದ ಸೇತುವೆಗಳು ಇವೆ. ತಮಾಷೆಯೆಂದರೆ, ಅದಕ್ಕಾಗಿ ಅಷ್ಟೆಲ್ಲ ಕಟ್ಟಿದ ಮೇಲೂ ಅಲ್ಲಿ ಒಂದು ರೈಲೂ ಓಡಲಿಲ್ಲ. ಯೋಜನೆ ಅರ್ಧಕ್ಕೇ ನಿಂತಿತು, ಲಾಭ ಸೈಕಲ್ಲಿಗಾಯಿತು. ಸಾಮಾನ್ಯ ರಸ್ತೆಗಳಲ್ಲೂ ಸೈಕಲ್ ಸವಾರನನ್ನು ಹಿಂದಿಕ್ಕುವ ವಾಹನ ಒಂದೂವರೆ ಮೀಟರ್ ಅಂತರ ಬಿಡಬೇಕೆಂದು ಅಲ್ಲಿ ಕಾನೂನೇ ಇದೆ. ನಮ್ಮಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಸೌದೆ ಸಾಗಿಸಲು ಕಾಡಿನೊಳಗೆ ಹಾಕಿದ್ದ ಟ್ರಾಮ್ ಹಳಿಗಳು ಕಣ್ಮರೆಯಾದವು. ಅವುಗಳ ಜಾಡು ಹಿಡಿದು ಸೈಕಲ್ ದಾರಿ ಮಾಡುವ ಯೋಚನೆ ಯಾರಿಗೂ ಬರಲಿಲ್ಲ. ಆದರೆ ನಾಲೆಗಳು ಉಳಿದಿವೆ, ನೀರು ಹರಿಯುತ್ತಲೇ ಇದೆ.

ಈಗ ನಮ್ಮ ನಕ್ಷೆಯನ್ನು ಬಿಡಿಸೋಣ. ಶಿವಮೊಗ್ಗ ತುಂಗೆಯ ಮೇಲೆ, ಭದ್ರಾವತಿ ಭದ್ರೆಯ ಮೇಲೆ, ಎರಡೂ ಹೊಳೆಗಳು ಸೇರುವುದು ಕೂಡ್ಲಿಯಲ್ಲಿ. ಮೂರು ಚುಕ್ಕೆಗಳನ್ನು ಸೇರಿಸಿದರೆ ಒಂದು ತ್ರಿಭುಜ. ಹೆದ್ದಾರಿ ಅದರ ಒಂದು ಬಾಹು, ಹೊಳೆಗಳು ಉಳಿದ ಎರಡು. ಹೆದ್ದಾರಿಯ ಬಾಹುವನ್ನು ಬಿಟ್ಟರೆ ಈ ತ್ರಿಭುಜದ ಒಳಗೂ ಹೊರಗೂ ಗದ್ದೆ, ಅಡಿಕೆ ತೋಟ, ನಾಲೆ, ಸಣ್ಣ ಊರುಗಳು. ಗಾಜನೂರಿನಿಂದ ಹೊರಡುವ ತುಂಗೆಯ ಎಡದಂಡೆ, ಬಲದಂಡೆ ನಾಲೆಗಳು ಹೊಳೆಯ ಎರಡು ಕಡೆಗೂ ಸಾಗಿದರೆ, ಲಕ್ಕವಳ್ಳಿಯ ಬಳಿಯ ಭದ್ರಾ ಅಣೆಕಟ್ಟಿನಿಂದ ಭದ್ರೆಯ ನಾಲೆಗಳು ಹೊರಡುತ್ತವೆ. ಆ ಅಣೆಕಟ್ಟು 1960ರ ದಶಕದಲ್ಲಿ ಮುಗಿಯುವುದಕ್ಕೂ ಹಿಂದಿನಿಂದ ಭದ್ರಾವತಿಯ ಸುತ್ತಲಿನ ಗದ್ದೆಗಳಿಗೆ ನೀರುಣಿಸುತ್ತಿದ್ದದ್ದು ಗೋಂದಿಯ ಒಡ್ಡು. ಮಳೆಗಾಲದಲ್ಲಿ ಪತ್ರಿಕೆ ತೆರೆದ ಕೂಡಲೇ ಜಲಾಶಯ 186 ಅಡಿಗೆ ಎಷ್ಟು ಬಾಕಿ ಎಂದು ನೋಡುವುದು ಈ ಸೀಮೆಯ ರೈತರ ಅಭ್ಯಾಸ. ಆ ನೀರು ಹೋಗುವ ದಾರಿಯ ಪಕ್ಕದಲ್ಲೇ ನಮ್ಮ ದಾರಿಯೂ ಇದೆ.

ಆದರೆ ನಾಲೆಯ ಏರಿಯ ಬಗ್ಗೆ ಎರಡು ಮಾತು ಖಡಾಖಂಡಿತವಾಗಿ ಹೇಳಬೇಕು. ಮೊದಲನೆಯದು, ಅದು ನೀರಾವರಿ ನಿಗಮದ ಸಿಬ್ಬಂದಿ ನಾಲೆಯನ್ನು ನೋಡಿಕೊಳ್ಳಲು ಇರುವ ದಾರಿ. ಕೆಲವು ಕಡೆ ಡಾಂಬರು ಹಾಕಿ ಊರಿನ ರಸ್ತೆಯೇ ಆಗಿದೆ, ಕೆಲವು ಕಡೆ ಮಣ್ಣು, ಕೆಲವು ಕಡೆ ಬರೀ ಜಾಲಿ ಮುಳ್ಳು. ಮುಂದೆ ದಾರಿ ಇದೆಯೋ ಇಲ್ಲವೋ ಎಂದು ನೀರುಗಂಟಿಯನ್ನೋ ಗದ್ದೆಯಲ್ಲಿರುವವರನ್ನೋ ಕೇಳಿಕೊಂಡೇ ಹೋಗಬೇಕು. ಎರಡನೆಯದು, ನೀರು. ಸಿಮೆಂಟು ಹಾಕಿದ ನಾಲೆಯ ಇಳಿಜಾರು ಪಾಚಿ ಕಟ್ಟಿ ಗಾಜಿನಂತೆ ಜಾರುತ್ತದೆ. ತುಂಬಿದ ನಾಲೆಗೆ ಬಿದ್ದವನು ಈಜು ಬಲ್ಲವನಾದರೂ ಹತ್ತಿ ಬರಲು ಹಿಡಿತ ಸಿಗುವುದಿಲ್ಲ. ಮುಖ ತೊಳೆಯಲು, ಕಾಲು ಇಳಿಬಿಡಲು ಇಳಿಯುವುದು ಬೇಡವೇ ಬೇಡ. ಹಿರಿಯರು ಜೊತೆಗಿಲ್ಲದೆ ಮಕ್ಕಳು ನಾಲೆಯ ಏರಿಗೆ ಹೋಗಬಾರದು. ಹೋದಾಗ ಮಕ್ಕಳು ಗದ್ದೆಯ ಕಡೆ, ಹಿರಿಯರು ನೀರಿನ ಕಡೆ. ಯಾವಾಗ ನೀರು ಬಿಡುತ್ತಾರೆ, ಯಾವಾಗ ನಿಲ್ಲಿಸುತ್ತಾರೆ ಎಂಬುದು ನೀರಾವರಿ ಸಲಹಾ ಸಮಿತಿಯ ಸಭೆಯ ಮಾರನೆಯ ದಿನ ಪತ್ರಿಕೆಯಲ್ಲೇ ಬರುತ್ತದೆ. ಅದನ್ನು ಕತ್ತರಿಸಿ ಗೋಡೆಗೆ ಅಂಟಿಸಿಕೊಳ್ಳಿ. ನೀರು ನಿಲ್ಲಿಸಿದ ವಾರಗಳೇ ಈ ಸವಾರಿಗೆ ಒಳ್ಳೆಯ ಕಾಲ.

ಇನ್ನೂ ಒಬ್ಬರೇ ಸೈಕಲ್ ತುಳಿಯಲು ಅಳುಕುವ ಮಕ್ಕಳಿಗೆ ಭದ್ರಾವತಿಯಷ್ಟು ಒಳ್ಳೆಯ ಊರು ನಮ್ಮ ಸುತ್ತಮುತ್ತ ಇಲ್ಲ. ಕಾರ್ಖಾನೆಗಳ ಕಾಲೋನಿಗಳನ್ನು ಕಟ್ಟಿದವರು ರಸ್ತೆಗಳನ್ನು ಅಗಲವಾಗಿ, ನೇರವಾಗಿ ಹಾಕಿ ಎರಡೂ ಬದಿಗೆ ಮರ ಬೆಳೆಸಿದರು. ಕಬ್ಬಿಣದ ಕಾರ್ಖಾನೆ ಕೆಲಸ ಶುರುಮಾಡಿದ್ದು 1923ರಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರು ಅದರ ಆಡಳಿತ ಮಂಡಲಿಯ ಅಧ್ಯಕ್ಷರಾಗಿದ್ದರು. ಪಾಳಿ ಬಿಡುವ ಹೊತ್ತಿಗೆ ಸೈರನ್ ಕೂಗಿತೆಂದರೆ ಗೇಟಿನಿಂದ ಸೈಕಲ್ಲುಗಳ ಹೊಳೆಯೇ ಹರಿದು ಬರುತ್ತಿದ್ದ ಕಾಲವೊಂದಿತ್ತು. ಹ್ಯಾಂಡಲಿಗೆ ಊಟದ ಕ್ಯಾರಿಯರ್, ಹಿಂದಿನ ಸೀಟಿನಲ್ಲಿ ಜೊತೆಗಾರ. ಆ ಕಾರ್ಮಿಕರ ಮಕ್ಕಳೇ ಅಪ್ಪನ ಸೈಕಲ್ಲನ್ನು ಕದ್ದು ತಂದು ಒಳಪೆಡಲು ತುಳಿದು ಕಲಿತವರು. ನ್ಯೂಟೌನಿನ ಬೀದಿಗಳಲ್ಲಿ ಈಗಲೂ ಬೆಳಗಿನ ಹೊತ್ತು ಮಕ್ಕಳು ನಿರಾತಂಕವಾಗಿ ಸೈಕಲ್ ಕಲಿಯಬಹುದು. ಕಾಗದನಗರದಲ್ಲಂತೂ ಇನ್ನೂ ಹೆಚ್ಚಿನ ನೀರವ. 2015ರಲ್ಲಿ ಕಾಗದ ಕಾರ್ಖಾನೆಯ ಯಂತ್ರಗಳು ನಿಂತ ಮೇಲೆ ಮನೆಗಳು ಒಂದೊಂದಾಗಿ ಖಾಲಿಯಾದವು. ಆ ಶಾಂತಿ ಯಾರೂ ಬೇಡಿ ಪಡೆದದ್ದಲ್ಲ. ಅಲ್ಲಿ ಸೈಕಲ್ ತುಳಿಯುವಾಗ ಮನಸ್ಸಿಗೆ ಹಿತವೂ ಆಗುತ್ತದೆ, ಸಂಕಟವೂ ಆಗುತ್ತದೆ. ಮಕ್ಕಳು ಕೇಳಿದರೆ ಆ ಕಥೆ ಹೇಳಿ. ತಾವು ಬರೆಯುತ್ತಿದ್ದ ನೋಟ್ ಪುಸ್ತಕದ ಹಾಳೆ ಹುಟ್ಟುತ್ತಿದ್ದ ಜಾಗ ಅದಾಗಿತ್ತು ಎಂಬುದು ಅವರಿಗೂ ಗೊತ್ತಿರಲಿ.

ಸ್ವಲ್ಪ ಪಳಗಿದವರು ಭದ್ರಾವತಿಯಿಂದ ಶಂಕರಘಟ್ಟದ ಕಡೆಗೆ ಹೋಗಬಹುದು. 1987ರಲ್ಲಿ ಆರಂಭವಾದ ಕುವೆಂಪು ವಿಶ್ವವಿದ್ಯಾಲಯ ಇರುವುದು ಅಲ್ಲೇ. ವಾರದ ದಿನಗಳಲ್ಲಿ ವಿದ್ಯಾರ್ಥಿಗಳ ಬಸ್ಸುಗಳಿಂದ ಗಿಜಿಗುಡುವ ಆ ರಸ್ತೆ ಭಾನುವಾರ ಮುಂಜಾನೆ ಬೇರೆಯೇ ರೂಪ ತಾಳುತ್ತದೆ. ಅಣೆಕಟ್ಟೆಯತ್ತ ಸಾಗಿದಂತೆ ಕಾಡಿನ ಅಂಚು ಶುರುವಾಗುತ್ತದೆ. ಅಲ್ಲಿಂದ ಮುಂದೆ ಭದ್ರಾ ಅಭಯಾರಣ್ಯ. ಬಿಸಿಲು ಚೆನ್ನಾಗಿ ಬಿದ್ದ ಮೇಲೆಯೇ ಆ ಭಾಗಕ್ಕೆ ಹೋಗಿ, ಮಧ್ಯಾಹ್ನದೊಳಗೆ ಹಿಂದಿರುಗಬೇಕು. ಉಂಬ್ಳೇಬೈಲಿನ ಕಡೆಯ ದಾರಿಗಳೂ ಎಣಿಕೆಯ ಲೆಕ್ಕದಲ್ಲಿ ಶಾಂತವೇ. ಆದರೆ ಆನೆಗಳು ಓಡಾಡುವ ಕಾಡಂಚು ಅದು, ಮಕ್ಕಳ ಸೈಕಲ್ ಸವಾರಿಗೆ ನಾನು ಹೇಳುವುದಿಲ್ಲ. ಆನೆಯನ್ನು ನಮ್ಮ ಮೂರು ಕಲಂಗಳಲ್ಲಿ ಯಾವುದಕ್ಕೆ ಹಾಕುವುದು?

ಶಿವಮೊಗ್ಗದವರಿಗೆ ಸೈಕಲ್ ಎಂದೊಡನೆ ನೆನಪಾಗುವುದು ಗಾಜನೂರು, ಸಕ್ರೆಬೈಲು. ಆನೆ ಬಿಡಾರ ನೋಡಬೇಕಾದದ್ದೇ, ಆದರೆ ಬಸ್ಸಿನಲ್ಲಿ ಹೋಗಿ ನೋಡಿ. ಅದು ತೀರ್ಥಹಳ್ಳಿಯ ಮೂಲಕ ಕರಾವಳಿಗೆ ಹೋಗುವ ಹೆದ್ದಾರಿ; ರಜಾದಿನಗಳಲ್ಲಿ ಪ್ರವಾಸಿಗರ ಕಾರುಗಳೂ ಸೇರಿಕೊಳ್ಳುತ್ತವೆ. ಅದರ ಬದಲು ಮತ್ತೂರಿಗೆ ಹೋಗಿ ಬನ್ನಿ. ಪೇಟೆಯಿಂದ ಎಂಟು ಕಿಲೋಮೀಟರ್ ಆಸುಪಾಸು. ತುಂಗೆಯ ಒಂದು ದಡದಲ್ಲಿ ಸಂಸ್ಕೃತಕ್ಕೆ ಹೆಸರಾದ ಮತ್ತೂರು, ಇನ್ನೊಂದು ದಡದಲ್ಲಿ ಗಮಕಕ್ಕೆ ಹೆಸರಾದ ಹೊಸಹಳ್ಳಿ. 2022ರಲ್ಲಿ ಪದ್ಮಶ್ರೀ ಪಡೆದ ಗಮಕಿ ಎಚ್.ಆರ್. ಕೇಶವಮೂರ್ತಿಯವರ ಊರು ಹೊಸಹಳ್ಳಿ. ಅದೇ ವರ್ಷದ ಕೊನೆಯಲ್ಲಿ ಅವರು ತೀರಿಕೊಂಡರು. ಇಂಥ ಊರುಗಳಿಗೆ ಕಾರಿನಲ್ಲಿ ಹೋದವರಿಗೆ ಕಾಣುವುದು ದೇವಸ್ಥಾನ ಮಾತ್ರ. ಸೈಕಲ್ಲಿನಲ್ಲಿ ಹೋದರೆ ಜಗಲಿಯ ಮೇಲೆ ಕುಳಿತ ಅಜ್ಜಿ, "ಯಾರ ಮನೆ ಮಗು, ಬಾ ನೀರು ಕುಡಿ" ಎನ್ನುತ್ತಾರೆ.

ಕೂಡ್ಲಿಯ ದಾರಿ ಎಲ್ಲಕ್ಕಿಂತ ಸೊಗಸು, ಕೊಂಚ ಕಠಿಣ ಕೂಡ. ಹೊಳೆಹೊನ್ನೂರು ರಸ್ತೆಯಲ್ಲಿ ಚಿತ್ರದುರ್ಗದ ಕಡೆಯ ಲಾರಿ ಬಸ್ಸುಗಳು ಓಡುತ್ತವೆ. ಹಾಗಾಗಿ ಚಿಕ್ಕವರು ಪಿಳ್ಳಂಗಿರಿಯವರೆಗೆ ಹೋಗಿ, ಅಲ್ಲಿ ಹೊಳೆಯ ದಡದ ದೇವಸ್ಥಾನ ನೋಡಿ ಬಂದರೆ ಸಾಕು. ಅದೂ ದೊಡ್ಡವರ ಜೊತೆಯಲ್ಲಿ, ಭಾನುವಾರ ಬೆಳಕು ಹರಿದ ಕೂಡಲೇ ಹೊರಟು. ದೊಡ್ಡ ಮಕ್ಕಳು ಮುಂದುವರಿದರೆ ಶಿವಮೊಗ್ಗದಿಂದ ಹದಿನೈದು ಹದಿನಾರು ಕಿಲೋಮೀಟರಿಗೆ ಕೂಡ್ಲಿ. ಹೊಳೆಹೊನ್ನೂರು ಮುಟ್ಟುವ ಮೊದಲೇ ತಿರುವು. ಹೆದ್ದಾರಿ ಬಿಟ್ಟು ಆ ತಿರುವಿಗೆ ಹೊರಳಿದ ಕೂಡಲೇ ಕಿವಿಗೆ ಆಗುವ ವ್ಯತ್ಯಾಸವನ್ನು ಗಮನಿಸಿ. ನಾನು ಮೊದಲೇ ಹೇಳಿದ ಹಾಗೆ ಇದು ಎಲ್ಲಿಗೂ ಹೋಗದ ರಸ್ತೆ, ಎರಡು ಹೊಳೆಗಳು ಕೂಡಿದಲ್ಲಿ ಮುಗಿಯುತ್ತದೆ. ಹೊಯ್ಸಳರ ಕಾಲದ ರಾಮೇಶ್ವರ ದೇವಾಲಯ, ಮಠಗಳು, ಸಂಗಮದ ಮೆಟ್ಟಿಲುಗಳು ಇಲ್ಲಿವೆ. ಮಳೆಗಾಲ ಕಳೆದ ಮೇಲೆ ಹೋದರೆ ತುಂಗೆಯ ನೀರಿನ ಬಣ್ಣ, ಭದ್ರೆಯ ನೀರಿನ ಬಣ್ಣ ಬೇರೆಯೇ, ಒಂದೇ ಎಂದು ಮಕ್ಕಳೇ ನೋಡಿ ತೀರ್ಮಾನಿಸಲಿ.

ಶಾಂತ ರಸ್ತೆಗಳಿಗೂ ಅವುಗಳದ್ದೇ ಆದ ಉಪದ್ರವಗಳಿವೆ. ಸುಗ್ಗಿಯಲ್ಲಿ ರೈತರು ಅರ್ಧ ರಸ್ತೆಗೆ ಮೆಕ್ಕೆಜೋಳ, ಭತ್ತ ಹರಡಿ ಅಂಚಿಗೆ ಕಲ್ಲು ಸಾಲಿಡುತ್ತಾರೆ. ಕಾಳಿನ ಮೇಲೆ ಚಕ್ರ ಹತ್ತಿದರೆ ಗೋಲಿಗಳ ಮೇಲೆ ಹತ್ತಿದ ಹಾಗೆ. ಇಳಿದು ತಳ್ಳಿಕೊಂಡು ಹೋಗುವುದು ಸೈಕಲ್ಲಿಗೂ ಒಳ್ಳೆಯದು, ರೈತನಿಗೂ ಒಳ್ಳೆಯದು. ಅಡಿಕೆ ಕೊಯ್ಲಿನ ತಿಂಗಳುಗಳಲ್ಲಿ ರಸ್ತೆ ಬದಿಗೆ ಸಿಪ್ಪೆಯ ರಾಶಿ ಸುರಿದು ಬೆಂಕಿ ಹಚ್ಚುತ್ತಾರೆ. ಆ ಹೊಗೆ ಬೆಳಗಿನ ಮಂಜಿನೊಂದಿಗೆ ಬೆರೆತರೆ ಹತ್ತು ಮಾರು ಮುಂದೆ ಕಾಣುವುದಿಲ್ಲ. ಅಂಥ ದಿನ ಸ್ವಲ್ಪ ತಡವಾಗಿ ಹೊರಡಿ. ನಾಯಿ ಅಟ್ಟಿಸಿಕೊಂಡು ಬಂದರೆ ಜೋರಾಗಿ ತುಳಿಯಬೇಡಿ, ಇಳಿದು ಸೈಕಲ್ಲನ್ನು ನಡುವೆ ಅಡ್ಡ ಹಿಡಿದು ನಿಲ್ಲಿ. ಓಡುವುದು ನಿಂತರೆ ಅಟ್ಟುವುದೂ ನಿಲ್ಲುತ್ತದೆ, ಹೆಚ್ಚಿನ ಸಲ.

ಜಾಲಿ ಮುಳ್ಳಿಗೆ ಪಂಕ್ಚರ್ ಆಗದೆ ಈ ಸೀಮೆಯಲ್ಲಿ ಯಾರೂ ಸೈಕಲ್ ಹೊಡೆದಿಲ್ಲ. ಸಲ್ಯೂಷನ್ನು, ರಬ್ಬರ್ ಪ್ಯಾಚು, ಉಪ್ಪುಕಾಗದದ ಒಂದು ತುಂಡು, ಸಣ್ಣ ಪಂಪು ಚೀಲದಲ್ಲಿರಲಿ. ಟ್ಯೂಬನ್ನು ಬಕೆಟ್ಟಿನ ನೀರಲ್ಲಿ ಮುಳುಗಿಸಿ ಗುಳ್ಳೆ ಬರುವ ಜಾಗ ಹುಡುಕುವುದನ್ನು ಹೊರಡುವ ಮುಂಚೆ ಮನೆಯಲ್ಲೇ ಒಮ್ಮೆ ಕಲಿಸಿಕೊಡಿ. ಅಪ್ಪನಿಗೆ ಬಿಡುವಿಲ್ಲದಿದ್ದರೆ ಅಮ್ಮ ಕಲಿಸಲಿ, ಇಬ್ಬರಿಗೂ ಬಾರದಿದ್ದರೆ ಮೂವರೂ ಕೂಡಿ ಸೈಕಲ್ ಅಂಗ��ಿಯವನ ಹತ್ತಿರ ಅರ್ಧ ಗಂಟೆ ಕುಳಿತು ನೋಡಿ ಬನ್ನಿ.